ಗಹ್ವಾ ಕೊಡುವವನ ಸುತ್ತ

ಉಡುಪಿಯ ಒಂದು ಸ್ಟುಡಿಯೋದಲ್ಲಿ ನಾನು ನಾಲ್ಕು ವರ್ಷ ಮದುವೆ ವಿಡಿಯೋಗಳ ಮೇಲೆ ಗುಲಾಬಿ ಹೂ ಉದುರಿಸಿದ್ದೇನೆ. ಧಾರೆ ಎರೆಯುವಾಗ ಹೂ, ಕರಿಮಣಿ ಕಟ್ಟುವಾಗ ಹೂ, ಊಟದ ಪಂಕ್ತಿಯಲ್ಲಿ ಯಾರೋ ಮಾವ ಪಾಯಸ ಸುರಿಯುತ್ತಿದ್ದರೆ ಅವರ ತಲೆಯ ಮೇಲೂ ಹೂ. ಹಾಗಾಗಿ 2000ರ ದಶಕದ ಕೊನೆಗೆ ಬಹ್ರೇನಿನ ಒಂದು ಸಣ್ಣ ಜಾಹೀರಾತು ಕಂಪನಿಯಲ್ಲಿ ತ್ರೀಡಿ ಆನಿಮೇಷನ್ ಮಾಡುವ ಕೆಲಸ ಸಿಕ್ಕಾಗ, ಇನ್ನು ಈ ಜನ್ಮದಲ್ಲಿ ಯಾರ ಮದುವೆಗೂ ಹೂ ಹಾಕುವುದಿಲ್ಲ ಎಂದು ಶಪಥ ಮಾಡಿಯೇ ವಿಮಾನ ಹತ್ತಿದ್ದೆ.

ಕೆಲಸ ಕೊಡಿಸಿದವರು ಆ ಕಂಪನಿಯ ಆನಿಮೇಷನ್ ತಂಡದ ಮುಖ್ಯಸ್ಥರು, ಅಲ್ಲಿನ ಮಾತಿನಲ್ಲಿ ಲೀಡ್. ಮೈಸೂರಿನವರು, ನನಗಿಂತ ಹದಿನೈದು ವರ್ಷಕ್ಕೆ ದೊಡ್ಡವರು, ಬಹ್ರೇನಿಗೆ ಬಂದು ಏಳು ವರ್ಷವಾಗಿತ್ತು. ನಾನು ಇಂಟರ್ನೆಟ್ಟಿಗೆ ಹಾಕಿದ್ದ ಒಂದು ಪುಟ್ಟ ಆನಿಮೇಷನ್ ನೋಡಿ ತಾವಾಗಿಯೇ ಮೇಲ್ ಬರೆದಿದ್ದರು. ವೀಸಾ ಮಾಡಿಸಿದ್ದು, ಏರ್‌ಪೋರ್ಟಿನಿಂದ ಕರೆದುಕೊಂಡು ಬಂದದ್ದು, ಸೆಗಯಾ ಎಂಬ ಬಡಾವಣೆಯಲ್ಲಿ ನನ್ನ ಸಂಬಳಕ್ಕೆ ಒಗ್ಗುವ ಕೋಣೆ ಹುಡುಕಿದ್ದು ಎಲ್ಲವೂ ಅವರೇ. ಮೊದಲ ಶುಕ್ರವಾರ ಅವರ ಮನೆಯಲ್ಲಿ ಹೊಟ್ಟೆ ಬಿರಿಯ ಬಿಸಿಬೇಳೆಬಾತ್ ತಿಂದಿದ್ದೇನೆ. ಇದನ್ನು ಮುಚ್ಚಿಡುವುದಿಲ್ಲ. ಮುಚ್ಚಿಡಲು ಅವರೂ ಬಿಡುತ್ತಿರಲಿಲ್ಲ. ಸಿಕ್ಕಿದ ಕನ್ನಡದವರಿಗೆಲ್ಲ "ಇವಳನ್ನ ನಾನೇ ಕರೆಸಿದ್ದು" ಎಂದು ನನ್ನನ್ನು ತೋರಿಸುತ್ತಿದ್ದರು, ಮನೆಗೆ ಹೊಸ ಫ್ರಿಜ್ ಬಂದಾಗ ತೋರಿಸುವ ಹಾಗೆ.

ಕಂಪನಿ ಎಂದರೆ ಸೆಗಯಾದಲ್ಲೇ ಒಂದು ಟೈಲರ್ ಅಂಗಡಿಯ ಮೇಲಿನ ನಾಲ್ಕು ಕೋಣೆ. ಮಾಲೀಕರು ಬಹ್ರೇನಿ. ಸಭ್ಯ ಮನುಷ್ಯ, ಆದರೆ ಆನಿಮೇಷನ್ನಿನ ಗಂಧಗಾಳಿ ಗೊತ್ತಿರಲಿಲ್ಲ. ಬೆಳಿಗ್ಗೆ ಬಂದು ಚಹಾ ಕುಡಿದು, ಲೀಡ್ ತೋರಿಸಿದ್ದನ್ನು ನೋಡಿ ಹೋಗುತ್ತಿದ್ದರು. ಯಾರು ಏನು ಮಾಡಿದರು ಎಂಬುದು ಅವರಿಗೆ ತಿಳಿಯುತ್ತಿದ್ದದ್ದು ಲೀಡ್ ಬಾಯಿಂದ ಮಾತ್ರ. ಒಂದು ದಿನ ನಾನು ರಜೆಯ ಅರ್ಜಿಗೆ ಸಹಿ ಹಾಕಿಸಲು ಅವರ ಕ್ಯಾಬಿನ್‌ಗೆ ಹೋದಾಗ ತುಂಬ ಪ್ರೀತಿಯಿಂದ ಹಿಂದಿಯಲ್ಲಿ ಕೇಳಿದರು: "ಬಣ್ಣ ಹಾಕುವ ಕೆಲಸ ಹೇಗೆ ನಡೆದಿದೆ? ನಿಮ್ಮ ಲೀಡ್ ಮಾಡುವ ಆನಿಮೇಷನ್ ನೋಡಿ ಸ್ವಲ್ಪ ಸ್ವಲ್ಪ ಕಲಿಯುತ್ತಿದ್ದೀಯಲ್ಲ?"

ಆ ಹೊತ್ತಿಗೆ ಒಂದೂವರೆ ವರ್ಷದಿಂದ ಆ ಕಂಪನಿಯ ಒಂದೊಂದು ಆನಿಮೇಷನ್ನೂ ನನ್ನ ಕೈಯಿಂದ ಹೋಗಿತ್ತು. ಒಂಟೆ ನಡೆದದ್ದು, ಹಾಲಿನ ಡಬ್ಬ ಕುಣಿದದ್ದು, ಎಲ್ಲ. ಲೀಡ್ ಮಾಡುತ್ತಿದ್ದದ್ದು ಫೈಲಿನ ಹೆಸರು ಬದಲಾಯಿಸಿ ಕ್ಯಾಬಿನ್‌ಗೆ ಕೊಂಡೊಯ್ಯುವ ಕೆಲಸ. ನಾನು ಸಹಿ ಹಾಕಿಸಿಕೊಂಡು ಹೊರಗೆ ಬಂದೆ. ನೇರ ಲೀಡ್ ಮೇಜಿಗೆ ಹೋದೆ. ಕೇಳಿದರೆ ಲೀಡ್ ನಕ್ಕು, "ಹಂಗೆಲ್ಲ ತಲೆ ಕೆಡಿಸ್ಕೋಬಾರ್ದು ಕಣಮ್ಮ, ನಾವೆಲ್ಲ ಒಂದೇ ಟೀಮ್ ಅಲ್ವಾ" ಅಂದರು.

ಸುಮ್ಮನಿದ್ದೆ, ಯಾಕೆಂದರೆ ಉಳಿಯಬೇಕಿತ್ತು. ನನ್ನ ಎರಡು ವರ್ಷದ ಕಾಂಟ್ರಾಕ್ಟ್ ಮುಗಿಯಲು ಮೂರು ತಿಂಗಳಿತ್ತು, ಅವರದ್ದೂ ಅದೇ ಹೊತ್ತಿಗೆ ಮುಗಿಯುತ್ತಿತ್ತು. ಮಾರ್ಕೆಟ್ ಬಿದ್ದಿದೆ, ಆನಿಮೇಷನ್‌ಗೆ ಇನ್ನು ಒಬ್ಬರೇ ಸಾಕು ಎಂದು ಮಾಲೀಕರು ನಮ್ಮಿಬ್ಬರನ್ನೂ ಕೂರಿಸಿ ಹೇಳಿದ್ದರು. ಆನಿಮೇಷನ್ ಮಾಡುವವರನ್ನು ಇಟ್ಟುಕೊಳ್ಳುತ್ತಾರೋ, ಬಣ್ಣ ಹಾಕುವವಳನ್ನೋ? ಉತ್ತರ ಮಗುವಿಗೂ ಗೊತ್ತಿತ್ತು. ವೀಸಾ ಕ್ಯಾನ್ಸಲ್ ಆದರೆ ನನಗೆ ಇದ್ದದ್ದು ಮತ್ತೆ ಆ ಗುಲಾಬಿ ಹೂವೇ.

ಆಗ ಬಂದದ್ದು ಗಹ್ವಾ ವ್ಯಾಪಾರಿಯ ಕೆಲಸ. ಗಹ್ವಾ ಎಂದರೆ ಅಲ್ಲಿನವರ ಏಲಕ್ಕಿ ಹಾಕಿದ ಕಾಫಿ. ಈ ವ್ಯಾಪಾರಿ ವಯಸ್ಸಾದವರು, ತಂದೆಯ ಕಾಲದಿಂದ ಕಾಫಿ ಬೀಜದ ವ್ಯಾಪಾರ. ಮೀನಾ ಸಲ್ಮಾನ್ ಬಂದರಿನ ಹತ್ತಿರ ಗೋದಾಮು. ಯೌವನದಲ್ಲಿ ಬೊಂಬಾಯಿಗೆ ಹೋಗಿ ಬಂದು ಮಾಡುತ್ತಿದ್ದುದರಿಂದ ಹಿಂದಿ ನಮಗಿಂತ ಚೆನ್ನಾಗಿತ್ತು. ಒಂದು ವಸ್ತುಪ್ರದರ್ಶನದಲ್ಲಿ ಅವರ ಮಳಿಗೆಯ ಗೋಡೆಗೆ ದೊಡ್ಡ ಪರದೆ ಹಾಕಿ, ಅದರಲ್ಲಿ ಬೆಳಿಗ್ಗೆಯಿಂದ ಸಂಜೆಯವರೆಗೆ ಒಂದೇ ಚಿತ್ರ ಓಡಬೇಕಿತ್ತು. ಬಿಳಿ ಅಂಗಿಯ ಒಬ್ಬ ಬಹ್ರೇನಿ ಎಡಗೈಯಲ್ಲಿ ಹಿತ್ತಾಳೆಯ ಕೊಕ್ಕಿನ ಹೂಜಿ ಹಿಡಿದು, ಬಲಗೈಯಲ್ಲಿ ಪುಟ್ಟ ಬಟ್ಟಲು ಮುಂದೆ ಚಾಚಿ ನಿಂತಿದ್ದಾನೆ. ಕ್ಯಾಮೆರಾ ಅವನ ಸುತ್ತ ಒಂದು ಸುತ್ತು ಬಂದು ಮತ್ತೆ ಬಟ್ಟಲಿನ ಮುಂದೆ ನಿಲ್ಲಬೇಕು. ನಿಲ್ಲಲೂ ಬಾರದು, ಹಾಗೆಯೇ ಮುಂದಿನ ಸುತ್ತಿಗೆ ಹೋಗಬೇಕು. ಎಲ್ಲಿ ಶುರು, ಎಲ್ಲಿ ಕೊನೆ ಎಂದು ನೋಡುವವರಿಗೆ ಗೊತ್ತಾಗಬಾರದು.

ಹೇಳಲು ಸುಲಭ. ಆ ಮನುಷ್ಯ ಕಂಪ್ಯೂಟರಿನಲ್ಲಿ ಕಟ್ಟಿದ ಬೊಂಬೆ, ಕ್ಯಾಮೆರಾವೂ ಅದರೊಳಗಿನದೇ. ಹೊಸಬರೆಲ್ಲ ಏನು ಮಾಡುತ್ತಾರೆಂದರೆ, ಕ್ಯಾಮೆರಾವನ್ನು ಬೊಂಬೆಯ ನಾಲ್ಕು ದಿಕ್ಕಿಗೆ ಎಳೆದು ನಾಲ್ಕು ಕಡೆ ಗುರುತು ಹಾಕುತ್ತಾರೆ. ನಡುವಿನ ದಾರಿಯನ್ನು ಸಾಫ್ಟ್‌ವೇರ್ ತಾನೇ ತುಂಬುತ್ತದೆ. ಆದರೆ ಅದು ತುಂಬುವ ದಾರಿ ದುಂಡಗಿರುವುದಿಲ್ಲ. ಮಕ್ಕಳು ಲಟ್ಟಿಸಿದ ಚಪಾತಿಯ ಆಕಾರ. ಒಮ್ಮೆ ಬೊಂಬೆ ಹತ್ತಿರ ಬರುತ್ತದೆ, ಒಮ್ಮೆ ದೂರ ಹೋಗುತ್ತದೆ, ನೋಡಿದವರಿಗೆ ತಲೆ ಸುತ್ತುತ್ತದೆ. ಸರಿಯಾದ ಕ್ರಮ ಬೇರೆ. ಬೊಂಬೆಯ ಕಾಲಬುಡದಲ್ಲಿ ಯಾರಿಗೂ ಕಾಣದ ಒಂದು ಬಿಂದು ಇಡಬೇಕು, ನಮ್ಮ ಕಸುಬಿನಲ್ಲಿ ಅದಕ್ಕೆ ನಲ್ ಅನ್ನುತ್ತಾರೆ. ಕ್ಯಾಮೆರಾವನ್ನು ಆ ನಲ್‌ಗೆ ಕಟ್ಟಿಬಿಡಬೇಕು, ಗಾಣದ ಎತ್ತನ್ನು ಕಟ್ಟಿದ ಹಾಗೆ. ಆಮೇಲೆ ಕ್ಯಾಮೆರಾವನ್ನು ಮುಟ್ಟುವಂತಿಲ್ಲ. ನಲ್ ಇದ್ದಲ್ಲೇ ಮುನ್ನೂರ ಅರವತ್ತು ಡಿಗ್ರಿ ತಿರುಗಿದರೆ ಕ್ಯಾಮೆರಾ ತಾನಾಗಿ ಸುತ್ತು ಬರುತ್ತದೆ, ಒಂದು ಕೂದಲೆಳೆ ಆಚೀಚೆ ಆಗದೆ.

ಅದಾದ ಮೇಲೂ ಎರಡು ಮುಳ್ಳುಗಳಿವೆ. ಸಾಫ್ಟ್‌ವೇರಿಗೆ ಶುರುವಿನಲ್ಲೂ ಕೊನೆಯಲ್ಲೂ ನಿಧಾನ ಮಾಡುವ ಅಭ್ಯಾಸ. ಅದನ್ನು ತೆಗೆದು ವೇಗದ ಗೆರೆಯನ್ನು ನೆಟ್ಟಗೆ ಮಾಡಬೇಕು. ಇನ್ನೊಂದು, ಸುತ್ತಿನ ಮೊದಲ ಫ್ರೇಮೂ ಕೊನೆಯ ಫ್ರೇಮೂ ಒಂದೇ ಆಗಿಬಿಟ್ಟರೆ ಪ್ರತಿ ಸುತ್ತಿಗೂ ಒಮ್ಮೆ ಎಡವಿದ ಹಾಗೆ ಕಾಣುತ್ತದೆ. ಹಾಗಾಗಿ ಕೊನೆಯದನ್ನು ಒಂದೇ ಒಂದು ಫ್ರೇಮಿನಷ್ಟು ಆಚೆ ತಳ್ಳಬೇಕು. ಬೊಂಬೆ, ಅಂಗಿಯ ನಿರಿಗೆ, ಎದೆಯ ಎಡಗಡೆಯ ಜೇಬಿನಲ್ಲಿ ಪೆನ್ನು, ಬಟ್ಟಲಿನಿಂದ ಏಳುವ ಹಬೆ, ಸುತ್ತು, ಎಲ್ಲ ಸೇರಿ ನನಗೆ ಹನ್ನೊಂದು ದಿನ ಹಿಡಿಯಿತು. ಮುಗಿದ ದಿನ ಊಟದ ಹೊತ್ತಿಗೆ ಅದನ್ನು ಓಡಲು ಬಿಟ್ಟು ಎದುರಿಗೆ ಕುಳಿತು ಮೊಸರನ್ನ ತಿಂದೆ. ಊಟ ಮುಗಿದರೂ ಏಳಲಿಲ್ಲ. ನಾನು ಮಾಡಿದ್ದನ್ನು ನೋಡಿ ನನಗೇ ಅಷ್ಟು ಸಂತೋಷವಾದದ್ದು ಅದೇ ಮೊದಲು.

ಮಂಗಳವಾರ ಗೋದಾಮಿನ ಆಫೀಸಿಗೆ ತೋರಿಸಲು ಹೋದೆವು. ಲ್ಯಾಪ್‌ಟಾಪ್ ಹೊರಲು ನಾನು, ಮಾತಾಡಲು ಲೀಡ್. ವ್ಯಾಪಾರಿ ಅಜ್ಜ ಎಂಟು ಹತ್ತು ಸುತ್ತು ಕಣ್ಣು ಮಿಟುಕಿಸದೆ ನೋಡಿ, "ಇದನ್ನು ಯಾರು ಮಾಡಿದ್ದು?" ಎಂದು ಕೇಳಿದರು.

ಲೀಡ್ ಎದೆಯ ಮೇಲೆ ಕೈ ಇಟ್ಟುಕೊಂಡರು. "ನಾನೇ ಸರ್. ಹನ್ನೊಂದು ದಿನ ಕೂತು ಮಾಡಿದೆ."

ಕೆಲಸವನ್ನು ಕದ್ದರೆ ಕದಿಯಲಿ. ನನ್ನ ಹನ್ನೊಂದು ದಿನವನ್ನೂ ಎಣಿಸಿ ಕದ್ದರಲ್ಲ, ಅದು ನನಗೆ ತಡೆಯಲಾಗಲಿಲ್ಲ. ಕೆಸರಾದದ್ದು ನನ್ನ ಕೈ, ಮೊಸರು ಅವರ ಬಾಯಿಗೆ. ಇವರಿಗೆ ಒಂದು ಗತಿ ಕಾಣಿಸದೆ ಈ ಊರು ಬಿಡುವುದಿಲ್ಲ ಎಂದು ಆ ಕುರ್ಚಿಯಲ್ಲಿ ಕುಳಿತೇ ನಿಶ್ಚಯಿಸಿದೆ. ಹೇಗೆ ಎಂದು ಮಾತ್ರ ಗೊತ್ತಿರಲಿಲ್ಲ.

ಅಜ್ಜ ಒಂದು ತಿದ್ದುಪಡಿ ಹೇಳಿದರು. ಅವರ ಹೆಸರಿನ ಅರಬಿ ಬರಹ ಪರದೆಯ ಮೇಲೆ ಬಲದಿಂದ ಎಡಕ್ಕೆ ಜಾರಿ ಬರಬೇಕಿತ್ತು. ನನ್ನ ಚಿತ್ರದಲ್ಲಿ ಮುಂದೆ ಚಾಚಿದ ಬಟ್ಟಲು ಎಡದಿಂದ ಬಲಕ್ಕೆ ಸರಿಯುತ್ತಿತ್ತು. "ಎರಡೂ ಎದುರುಬದುರು ಬಂದು ಗುದ್ದಿಕೊಳ್ಳುತ್ತವೆ. ಈ ಸುತ್ತನ್ನು ಆ ಕಡೆಯಿಂದ ಮಾಡಿ," ಅಂದರು. ಅವರು ಹೇಳಿದ್ದು ಸರಿಯಿತ್ತು. ದೇವಸ್ಥಾನದಲ್ಲಿ ಪ್ರದಕ್ಷಿಣೆ ಹಾಕಿ ಬೆಳೆದವಳು ನಾನು. ಯಾವ ಕಡೆಯಿಂದ ಸುತ್ತಬೇಕು ಎಂದು ಯೋಚಿಸಿಯೂ ಇರಲಿಲ್ಲ, ಕೈ ತಾನಾಗಿ ಆ ಕಡೆಗೆ ಹೋಗಿತ್ತು. ಲೀಡ್ "ಭಾನುವಾರದೊಳಗೆ ಆಗುತ್ತೆ" ಎಂದು ಮಾತು ಕೊಟ್ಟರು. ಸೋಮವಾರ ಪ್ರದರ್ಶನ ಶುರು.

ಬುಧವಾರ ಬೆಳಿಗ್ಗೆ ನನ್ನ ಮೇಜಿಗೆ ಬಂದರು. "ಅದನ್ನ ಸ್ವಲ್ಪ ಉಲ್ಟಾ ತಿರುಗಿಸಿಬಿಡಮ್ಮ."

"ನೀವೇ ತಿರುಗಿಸಿ ಸರ್," ಅಂದೆ. "ನೀವೇ ಮಾಡಿದ್ದಲ್ವಾ? ನನಗೆಂತ ಗೊತ್ತುಂಟು, ನಾನು ಬಣ್ಣ ಹಾಕುವವಳು."

"ಕೋಪಾನಾ? ಸರಿ. ಮೂರು ತಿಂಗಳಿಗೆ ಕಾಂಟ್ರಾಕ್ಟ್ ಮುಗಿಯುತ್ತೆ ಅನ್ನೋದು ನೆನಪಿರಲಿ" ಎಂದು ಹೇಳಿ ತಮ್ಮ ಮೆಷಿನ್ನಿನಲ್ಲಿ ನನ್ನ ಫೈಲ್ ತೆರೆದರು.

ನನ್ನ ಕುರ್ಚಿಯಿಂದ ಅವರ ಪರದೆ ಕಾಣುತ್ತಿತ್ತು. ಕ್ಯಾಮೆರಾ ಮೇಲೆ ಕ್ಲಿಕ್ ಮಾಡಿದರು. ಅದರಲ್ಲಿ ಒಂದು ಗುರುತೂ ಇಲ್ಲ. ಇರುವುದು ನಲ್ ಮೇಲೆ, ಆದರೆ ನಲ್ ಎಂಬುದು ಹುಡುಕಬೇಕೆಂದು ಗೊತ್ತಿದ್ದವರಿಗೆ ಮಾತ್ರ ಸಿಗುತ್ತದೆ. ಅಲ್ಲಿ ಹೋಗಿ 360ರ ಮುಂದೆ ಒಂದು ಮೈನಸ್ ಚಿಹ್ನೆ ಹಾಕಿದ್ದರೆ ಕೆಲಸ ಅಲ್ಲಿಗೆ ಮುಗಿಯುತ್ತಿತ್ತು. ಅವರು ಕ್ಯಾಮೆರಾವನ್ನೇ ಹಿಡಿದು ನಾಲ್ಕು ದಿಕ್ಕಿಗೆ ಎಳೆದರು. ನಲ್ ತನ್ನ ಪಾಡಿಗೆ ತಿರುಗುತ್ತಿತ್ತು, ಇವರು ಹಾಕಿದ ಗುರುತುಗಳು ಇನ್ನೊಂದು ಕಡೆಗೆ ಎಳೆಯುತ್ತಿದ್ದವು. ಕ್ಯಾಮೆರಾ ಬೊಂಬೆಯ ಹೊಟ್ಟೆಯೊಳಗೆ ನುಗ್ಗಿ ಬೆನ್ನಿನಿಂದ ಹೊರಗೆ ಬಂತು. "ಈ ಫೈಲ್ ಕರಪ್ಟ್ ಆಗಿದೆ ಕಣಮ್ಮ" ಅಂದರು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನಾನು "ಹೌದಾ ಸರ್" ಎಂದು ನನ್ನ ಕೆಲಸ ಮುಂದುವರಿಸಿದೆ. ಹೊಟ್ಟೆ ಸ್ವಲ್ಪ ತಣ್ಣಗಾಯಿತು.

ಮಧ್ಯಾಹ್ನ ಒಂದಕ್ಕೆ ಆಫೀಸು ಮುಚ್ಚಿ ನಾಲ್ಕಕ್ಕೆ ತೆರೆಯುವುದು ಅಲ್ಲಿನ ರೂಢಿ. ನಾನು ನಾಲ್ಕಕ್ಕೆ ವಾಪಸು ಬಂದಾಗ ಲೀಡ್ ಮುಖ ಅರಳಿತ್ತು. ಪರದೆಯ ಮೇಲೆ ಸುತ್ತು ಅಜ್ಜ ಹೇಳಿದ ಕಡೆಯಿಂದಲೇ, ಸ್ವಲ್ಪವೂ ಎಡವದೆ ಬರುತ್ತಿತ್ತು. ನನಗೆ ನಿಜವಾಗಿ ಗಾಬರಿಯಾಯಿತು. ಹತ್ತಿರ ಹೋಗಿ ನೋಡಿದೆ. ಬೊಂಬೆಯ ಜೇಬು, ಪೆನ್ನು ಎದೆಯ ಬಲಗಡೆಗೆ ಬಂದಿದ್ದವು.

ಅವರು ಮಾಡಿದ್ದು ಇಷ್ಟೇ. ಸಿದ್ಧವಾಗಿದ್ದ ಚಿತ್ರವನ್ನು ಎಡಿಟಿಂಗ್‌ನಲ್ಲಿ ಕನ್ನಡಿಯಲ್ಲಿ ನೋಡಿದ ಹಾಗೆ ಎಡಬಲ ಅದಲುಬದಲು ಮಾಡಿದ್ದರು. ಒಂದು ಗುಂಡಿ ಒತ್ತಿದರೆ ಆಗುವ ಕೆಲಸ. ಸುತ್ತಿನ ದಿಕ್ಕು ಬದಲಾಯಿತು, ಹಬೆ ಮೇಲಕ್ಕೇ ಹೋಯಿತು, ಬರಹವನ್ನು ಆಮೇಲೆ ಕೂರಿಸುವುದರಿಂದ ಅದಕ್ಕೂ ಏನೂ ಆಗಲಿಲ್ಲ. ಆದರೆ ಹೂಜಿ ಈಗ ಬಲಗೈಯಲ್ಲಿತ್ತು. ಬಟ್ಟಲನ್ನು ಚಾಚಿದ್ದು ಎಡಗೈ.

ಎಡಗೈಯಲ್ಲಿ ಏನನ್ನೂ ಕೊಡಬಾರದು ಎಂದು ನಮ್ಮಮ್ಮ ನನ್ನ ಮೊಣಕೈಗೆ ಹೊಡೆದು ಕಲಿಸಿದ್ದರು. ಲೀಡ್‌ಗೆ ಅವರ ಅಮ್ಮನೂ ಕಲಿಸಿರಬೇಕು. ಊರಿನ ಮಾತು ಬಿಡಿ, ಬಹ್ರೇನಿನಲ್ಲಿ ಗಹ್ವಾವನ್ನು ಎಡಗೈಯಲ್ಲಿ ಕೊಡುವುದು ಬಂದ ಅತಿಥಿಯ ಮುಖಕ್ಕೆ ಹೊಡೆದ ಹಾಗೆ. ಒಂಬತ್ತು ವರ್ಷದಿಂದ ಆ ಊರಿನ ಪ್ರತಿ ಆಫೀಸಿನಲ್ಲೂ ಬಲಗೈಯಿಂದ ಬಟ್ಟಲು ಇಸಿದುಕೊಂಡು ಕುಡಿದ ಮನುಷ್ಯನಿಗೆ ಇದು ಕಾಣಲಿಲ್ಲ. ಅವರು ನೋಡುತ್ತಿದ್ದದ್ದು ಬೊಂಬೆಯನ್ನಲ್ಲ, ದಿಕ್ಕನ್ನು ಮಾತ್ರ.

ಹೇಳಲು ನಾನು ಬಾಯಿ ತೆರೆದೆ. ಇದು ಸತ್ಯ. ಅಷ್ಟರಲ್ಲಿ ಅವರು ನನ್ನ ಕಡೆ ತಿರುಗಿ, "ನೋಡು, ನೀನು ಹನ್ನೊಂದು ದಿನ ಎಳೆದಾಡಿದ್ದನ್ನ ಐದು ನಿಮಿಷದಲ್ಲಿ ಸರಿಮಾಡಿದೆ. ಇದಕ್ಕೇ ಎಕ್ಸ್‌ಪೀರಿಯೆನ್ಸ್ ಅನ್ನೋದು, ಕಲ್ತ್ಕೋ" ಅಂದರು.

"ಚಂದ ಆಗಿದೆ ಸರ್," ಅಂದೆ.

ಗುರುವಾರ ಸಂಜೆ ಎಲ್ಲರೂ ಹೋದ ಮೇಲೆ ನಾನು ನನ್ನ ಫೈಲ್ ತೆರೆದು ಆ ಮೈನಸ್ ಹಾಕಿದೆ, ಪೂರ್ತಿ ಚಿತ್ರ ತಯಾರಾಗಲಿ ಎಂದು ಎರಡು ಮೆಷಿನ್‌ಗಳಲ್ಲಿ ರೆಂಡರ್‌ಗೆ ಬಿಟ್ಟೆ. ಶುಕ್ರ, ಶನಿ ರಜೆ. ಆಫೀಸಿನ ಬೀಗದ ಕೈ ನನ್ನ ಹತ್ತಿರವೇ ಇರುತ್ತಿತ್ತು, ಬೆಳಿಗ್ಗೆ ಬಾಗಿಲು ತೆರೆಯುವವಳು ನಾನು. ಶನಿವಾರ ಮಧ್ಯಾಹ್ನ ಹೋಗಿ ಸಿದ್ಧವಾದ ಚಿತ್ರವನ್ನು ಒಂದು ಹಾರ್ಡ್‌ಡಿಸ್ಕಿಗೆ ತುಂಬಿಸಿಕೊಂಡು ಬಂದೆ. ಬಲಗೈಯಲ್ಲಿ ಬಟ್ಟಲು, ಅಜ್ಜ ಹೇಳಿದ ದಿಕ್ಕು. ಆಗಲೂ ಫೋನ್ ಮಾಡಿ ಲೀಡ್‌ಗೆ ಹೇಳಬಹುದಿತ್ತು. ಮಾಡಲಿಲ್ಲ. ಹಾವೂ ಸಾಯಬೇಕು, ಕೋಲೂ ಮುರಿಯಬಾರದು. ಆ ದಿನ ಸಂಜೆ ಚೆನ್ನಾಗಿ ಮೀನು ಹುರಿದು ಊಟ ಮಾಡಿದೆ.

ಭಾನುವಾರ ಬೆಳಿಗ್ಗೆ ಹತ್ತಕ್ಕೆ ಮೀನಾ ಸಲ್ಮಾನ್‌ಗೆ ಮಾಲೀಕರೂ ಬಂದರು. ಅಜ್ಜ ಅವರಿಗೆ ಹಳೆಯ ಪರಿಚಯ. ಗೋದಾಮಿನ ಆಫೀಸಿನಲ್ಲಿ ಕಾಫಿ ಮೂಟೆಗಳ ವಾಸನೆ ತುಂಬಿತ್ತು. ಅಲ್ಲಿ ಕೆಲಸಕ್ಕಿದ್ದವನು ಎಡಗೈಯಲ್ಲಿ ಹೂಜಿ ಹಿಡಿದು ಎಲ್ಲರಿಗೂ ಬಲಗೈಯಿಂದ ಬಟ್ಟಲು ಕೊಟ್ಟ. ಲೀಡ್‌ಗೂ ಕೊಟ್ಟ. ಅದನ್ನು ಇಸಿದುಕೊಳ್ಳುವಾಗಲಾದರೂ ಇವರಿಗೆ ಹೊಳೆಯುತ್ತದೆಯೋ ಏನೋ ಎಂದು ನಾನು ಅವರ ಕೈಯನ್ನೇ ನೋಡುತ್ತಿದ್ದೆ. ಹೊಳೆಯಲಿಲ್ಲ. ಗುಟುಕಿಸಿ, ಗೋಡೆಯ ಮೇಲೆ ಚಿತ್ರ ಹಾಕಿದರು.

ಕ್ಯಾಮೆರಾ ಬೆನ್ನಿನ ಕಡೆಯಿಂದ ಬಂದು, ಪಕ್ಕಕ್ಕೆ ಸರಿದು, ಎದುರಿಗೆ ಬಂತು. ಬಟ್ಟಲು ಚಾಚಿದ ಕೈ ಪರದೆಯ ತುಂಬ ಬಂತು. ಅಜ್ಜ ಬಾಯಿಯ ಹತ್ತಿರ ತಂದಿದ್ದ ತಮ್ಮ ಬಟ್ಟಲನ್ನು ಕೆಳಗಿಟ್ಟರು. ಇನ್ನೊಂದು ಸುತ್ತು ನೋಡಿದರು.

"ಇವನಿಗೆ ಬಲಗೈ ಇಲ್ಲವಾ?" ಎಂದು ಹಿಂದಿಯಲ್ಲಿ ಕೇಳಿದರು.

"ಇದೆಯಲ್ಲ ಸರ್, ಹೂಜಿ ಹಿಡಿದಿದ್ದಾನೆ," ಅಂದರು ಲೀಡ್.

ಮಾಲೀಕರಿಗೆ ಆಗ ಕಂಡಿತು. ಅವರೂ ತಮ್ಮ ಬಟ್ಟಲನ್ನು ಕೆಳಗಿಟ್ಟರು. ಅಜ್ಜ ದನಿ ಏರಿಸಲಿಲ್ಲ. "ನನ್ನ ತಂದೆಯ ಹೆಸರಿನ ಮಳಿಗೆಯಲ್ಲಿ ನಿಂತು, ಬಂದವರಿಗೆಲ್ಲ ಎಡಗೈಯಲ್ಲಿ ಗಹ್ವಾ ಕೊಡುತ್ತಾನೆ. ನಾಳೆ ಇಡೀ ಊರು ಬಂದು ನೋಡುತ್ತದೆ," ಅಂದರು.

ಲೀಡ್ ಪರದೆ ನೋಡಿದರು, ತಮ್ಮ ಕೈಗಳನ್ನು ನೋಡಿಕೊಂಡರು. ಆಮೇಲೆ ನನ್ನ ಕಡೆ ಬೆರಳು ತೋರಿಸಿದರು. "ಇದು ಇವಳು ಮಾಡಿದ್ದು ಸರ್."

"ಹೋದ ಸಲ ನೀನೇ ಮಾಡಿದ್ದು ಅಂದೆಯಲ್ಲ?" ಅಂದರು ಅಜ್ಜ.

"ಇಲ್ಲ ಸರ್, ಶುರುವಿಂದ ಇವಳೇ ಮಾಡಿದ್ದು. ಎಲ್ಲ ಆನಿಮೇಷನ್ನೂ ಇವಳೇ ಮಾಡೋದು. ನಾನು ಮೇಲಿಂದ ನೋಡ್ಕೊಳ್ಳೋದಷ್ಟೇ."

ಒಂದೂವರೆ ವರ್ಷ ನಾನು ಯಾವ ಮಾತನ್ನು ಕೇಳಲು ಕಾದಿದ್ದೆನೋ ಆ ಮಾತು ಮಾಲೀಕರ ಎದುರಿಗೆ, ಸಾಕ್ಷಿ ಸಮೇತ, ಅವರ ಬಾಯಿಂದಲೇ ಬಂತು. ನನ್ನನ್ನು ಮುಳುಗಿಸಲು ಹೇಳಿದ ಮಾತು ಅದು. ನನಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ತುಂಬ ಶಾಂತವಾಗಿ ಎದ್ದು ನಿಂತೆ.

"ಅವರು ಹೇಳಿದ್ದು ನಿಜ," ಎಂದೆ. "ಶುರುವಿಂದ ಎಲ್ಲವನ್ನೂ ನಾನೇ ಮಾಡಿದ್ದು. ಆದರೆ ನಾನು ಮಾಡಿದ್ದು ಇದಲ್ಲ." ಬ್ಯಾಗಿನಿಂದ ಹಾರ್ಡ್‌ಡಿಸ್ಕ್ ತೆಗೆದು ಲ್ಯಾಪ್‌ಟಾಪಿಗೆ ಹಾಕಿದೆ.

ಅಜ್ಜ ಮೂರು ಸುತ್ತು ನೋಡಿ ತಮ್ಮ ಬಟ್ಟಲನ್ನು ಮತ್ತೆ ಕೈಗೆತ್ತಿಕೊಂಡರು. ಮಾಲೀಕರು ಲೀಡ್ ಕಡೆಗೆ ನೋಡಲೇ ಇಲ್ಲ. ವಾಪಸು ಹೋಗುವಾಗ ನನ್ನನ್ನು ತಮ್ಮ ಕಾರಿನಲ್ಲಿ ಕೂರಿಸಿಕೊಂಡು ಒಂಟೆ ಯಾರು ಮಾಡಿದ್ದು, ಹಾಲಿನ ಡಬ್ಬ ಯಾರು ಮಾಡಿದ್ದು ಎಂದು ಒಂದೊಂದಾಗಿ ಕೇಳಿದರು. ನಾನು ಒಂದೊಂದಾಗಿ ಹೇಳಿದೆ. ಕಾಂಟ್ರಾಕ್ಟ್ ನನಗೆ ಸಿಕ್ಕಿತು. ಲೀಡ್‌ಗೆ ಮೂರು ತಿಂಗಳ ಮೇಲೆ ಖಲಾಸ್.

ಹೋಗುವ ವಾರ ಅವರು ನನ್ನ ಮೇಜಿನ ಹತ್ತಿರ ಬಂದು ನಿಂತರು. ಆ ಮೂರು ತಿಂಗಳಲ್ಲಿ ನಮ್ಮಿಬ್ಬರ ನಡುವೆ ಮಾತೇ ಇರಲಿಲ್ಲ. ಸೊರಗಿದ್ದರು.

"ನಿಂಗೆ ಮೊದಲೇ ಗೊತ್ತಿತ್ತಲ್ವಾ, ಕೈ ಉಲ್ಟಾ ಆಗಿದೆ ಅಂತ?"

"ಗೊತ್ತಿತ್ತು."

ತಲೆಯಾಡಿಸಿದರು. ಬೈಯುತ್ತಾರೆ ಅಂದುಕೊಂಡಿದ್ದೆ, ಬೈಯಲಿಲ್ಲ. "ದುಬೈಯಲ್ಲಿ ಒಂದು ಇಂಟರ್‌ವ್ಯೂ ಇದೆ ಕಣಮ್ಮ. ಮಗಳು ಈ ಸಲ ಹತ್ತನೇ ಕ್ಲಾಸು, ಕೆಲಸ ಬೇಕೇ ಬೇಕು. ಅಲ್ಲಿ ತೋರಿಸೋಕೆ ಆ ಸುತ್ತು ನನ್ನ ರೀಲ್‌ನಲ್ಲಿ ಇಟ್ಕೊಳ್ಳಲಾ? ನಾನು ಮಾಡಿದ್ದು ಅಂತ ಹೇಳಲ್ಲ. ನನ್ನ ಟೀಮಿಂದು ಅಂತೀನಿ."

ನನ್ನ ಮೆಷಿನ್ನಿನಲ್ಲಿ ಎರಡೂ ಚಿತ್ರಗಳು ಒಂದೇ ಫೋಲ್ಡರಿನಲ್ಲಿ ಅಕ್ಕಪಕ್ಕ ಇದ್ದವು. ಒಂದು ಖಾಲಿ ಸಿಡಿ ಹಾಕಿದೆ. ಯಾವುದನ್ನು ಹಾಕುತ್ತಿದ್ದೇನೆಂದು ನನಗೆ ಸ್ಪಷ್ಟವಾಗಿ ಗೊತ್ತಿತ್ತು. ಎಡಗೈಯದ್ದನ್ನೇ ಹಾಕಿದೆ. ಸಿಡಿ ಹೊರಗೆ ಬರುವವರೆಗೆ ಅವರು ಪಕ್ಕದಲ್ಲಿ ನಿಂತು ಕಿಟಕಿಯಿಂದ ಕೆಳಗೆ ಟೈಲರ್ ಅಂಗಡಿಯ ಬಾಗಿಲ ಕಡೆಗೆ ನೋಡುತ್ತಿದ್ದರು.

"ಒಮ್ಮೆ ಹಾಕಿ ನೋಡಿಕೊಳ್ಳಿ ಸರ್," ಎಂದು ಕೊಟ್ಟೆ.

"ನೀನು ಮಾಡಿದ್ದನ್ನ ನಾನೇನು ನೋಡೋದು ಕಣಮ್ಮ" ಎಂದು ಅವರು ಅದನ್ನು ಹಾಗೆಯೇ ಬ್ಯಾಗಿಗೆ ಹಾಕಿಕೊಂಡರು.